ಹಳೆಯ ಕಾರಿಗೆ ಫೈಬರ್‌ಗ್ಲಾಸ್ ಡ್ಯಾಶ್‌ಬೋರ್ಡ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಂದೆಯವರು 1986ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು ಇಂದಿಗೂ ಓಡುವ ಸ್ಥಿತಿಯಲ್ಲಿದೆ. ಆದರೆ ಡ್ಯಾಶ್‌ಬೋರ್ಡಿನ ಮೇಲ್ಹೊದಿಕೆ ಬಿಸಿಲಿಗೆ ಸೀಳಿಹೋಗಿದೆ, ಮೀಟರುಗಳೂ ಸರಿಯಾಗಿ ತೋರಿಸುವುದಿಲ್ಲ. ದುಂಡನೆಯ ಹೊಸ ಮೀಟರುಗಳು, ಎ.ಸಿ. ಗಾಳಿಯ ಕಿಂಡಿಗಳು ಮತ್ತು ಒಂದು ಸ್ಟೀರಿಯೋ ಕೂರುವಂತೆ ಫೈಬರ್‌ಗ್ಲಾಸ್‌ನಲ್ಲಿ ಹೊಸ ಡ್ಯಾಶ್‌ಬೋರ್ಡನ್ನು ನಾನೇ ತಯಾರಿಸಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಬೇಕು?
— ಓದುಗರು, ಶಿವಮೊಗ್ಗ

ಉತ್ತರ: ಹಳೆಯ ಡ್ಯಾಶ್‌ಬೋರ್ಡನ್ನು ಕತ್ತರಿಸುವುದಿಲ್ಲ ಎಂಬ ತೀರ್ಮಾನದಿಂದ ಆರಂಭಿಸಿ. 1964ರಿಂದ ಮುಂಬಯಿಯಲ್ಲಿ ಫಿಯಟ್ 1100 ಡಿ ಎಂದು ತಯಾರಾಗಿ, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದ ಈ ಕಾರಿನ ತಯಾರಿಕೆ ನಿಂತು ಎರಡು ದಶಕಗಳ ಮೇಲಾಯಿತು. ಅದರ ಮೂಲ ಬಿಡಿಭಾಗಗಳು ಈಗ ಗುಜರಿಯಲ್ಲೂ ಅಪರೂಪ. ಒಮ್ಮೆ ಕತ್ತರಿಸಿದ ಭಾಗವನ್ನು ಮೊದಲಿನಂತೆ ಮಾಡುವುದು ಹೊಸದನ್ನು ಮಾಡುವುದಕ್ಕಿಂತ ಕಷ್ಟದ ಕೆಲಸ. ಆದ್ದರಿಂದ ಹೊಸ ಡ್ಯಾಶ್‌ಬೋರ್ಡು ಮೂಲ ಭಾಗದ ಮೇಲೆಯೇ ಕೂರಬೇಕು, ಈಗಾಗಲೇ ಇರುವ ಬೋಲ್ಟಿನ ರಂಧ್ರಗಳಲ್ಲೇ ನಿಲ್ಲಬೇಕು, ಬೇಡವೆಂದಾಗ ಸ್ಪ್ಯಾನರ್ ಹಿಡಿದು ಬಿಚ್ಚಿ ತೆಗೆಯುವಂತಿರಬೇಕು. ಈ ನಿಯಮವನ್ನು ಪಾಲಿಸಿದರೆ ಮುಂದೆ ನಿಮ್ಮ ಮಕ್ಕಳು ಕಾರನ್ನು ಮೂಲ ರೂಪಕ್ಕೆ ತರಲು ಬಯಸಿದರೂ ದಾರಿ ತೆರೆದಿರುತ್ತದೆ. ಹಳೆಯ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ತಗಡು ಬಾಡಿಗೆ ಬೆಸೆದಿರುವುದುಂಟು, ಬೋಲ್ಟಿನಲ್ಲಿ ನಿಂತಿರುವುದೂ ಉಂಟು. ನಿಮ್ಮ ಕಾರಿನಲ್ಲಿ ಯಾವುದು ಹೇಗಿದೆ ಎಂಬುದನ್ನು ಟಾರ್ಚು ಹಿಡಿದು ಕೆಳಗಿನಿಂದ ನೋಡಿ ಬರೆದಿಟ್ಟುಕೊಳ್ಳಿ.

ಎರಡನೆಯದಾಗಿ, ರೆಸಿನ್ (ಗಾಜಿನ ನಾರಿಗೆ ಕುಡಿಸಿ ಗಟ್ಟಿಯಾಗಿಸುವ ದ್ರವ) ಕೊಳ್ಳುವ ಮೊದಲು ರಟ್ಟಿನಲ್ಲಿ ಪೂರ್ತಿ ಮಾದರಿಯನ್ನು ಮಾಡಿ ಕಾರಿನೊಳಗೆ ಇಟ್ಟು ನೋಡಿ. ಫ್ರಿಜ್ ಬರುವ ಪೆಟ್ಟಿಗೆಯ ದಪ್ಪ ರಟ್ಟು ಮತ್ತು ಅಂಟುಪಟ್ಟಿ ಇದ್ದರೆ ಸಾಕು. ಸೀಟಿನಲ್ಲಿ ಕುಳಿತು ಸ್ಟೀರಿಂಗ್ ಪೂರ್ತಿ ತಿರುಗಿಸಿ, ಸ್ಟೀರಿಂಗಿನ ಪಕ್ಕದಲ್ಲಿರುವ ಗೇರ್ ಹಿಡಿಯನ್ನು ಎಲ್ಲ ಗೇರುಗಳಿಗೂ ಹಾಕಿ, ಮಂಡಿಗೆ ಏನಾದರೂ ತಗುಲುತ್ತದೆಯೇ, ಮೀಟರುಗಳು ಸ್ಟೀರಿಂಗಿನ ವೃತ್ತದೊಳಗಿನಿಂದ ಪೂರ್ತಿ ಕಾಣುತ್ತವೆಯೇ, ಬಾಗಿಲು ಮುಚ್ಚುವಾಗ ಅಂಚು ಒರೆಸುತ್ತದೆಯೇ ಎಂದು ಪರೀಕ್ಷಿಸಿ. ಇದೇ ಹಂತದಲ್ಲಿ ಇನ್ನೊಂದು ಮುಖ್ಯ ವಿಷಯವನ್ನು ಗಮನಿಸಬೇಕು. ಇಡೀ ಅಗಲದ ಒಂದೇ ತುಂಡಿನ ಡ್ಯಾಶ್‌ಬೋರ್ಡನ್ನು ಒಳಗೆ ಕಟ್ಟಿದ ಮೇಲೆ ಅದು ಬಾಗಿಲಿನಿಂದ ಹೊರಗೆ ಬರುವುದೇ? ಮುಂದಿನ ಗಾಜನ್ನು ಅಥವಾ ಸ್ಟೀರಿಂಗನ್ನು ಬಿಚ್ಚದೆ ಹೊರಬಾರದ ಡ್ಯಾಶ್‌ಬೋರ್ಡು ವೈಪರ್ ಮೋಟಾರು ಕೆಟ್ಟ ದಿನ ನಿಮಗೆ ದೊಡ್ಡ ತೊಂದರೆಯಾಗುತ್ತದೆ. ಸಂದೇಹವಿದ್ದರೆ ಮೇಲ್ಭಾಗ ಮತ್ತು ಮೀಟರಿನ ಮುಖಭಾಗವನ್ನು ಎರಡು ಬೇರೆ ತುಂಡುಗಳಾಗಿ ಯೋಜಿಸುವುದು ಲೇಸು.

ರಟ್ಟಿನ ಮಾದರಿ ಒಪ್ಪಿಗೆಯಾದ ಮೇಲೆ ಅದನ್ನು ಗಟ್ಟಿ ಆಕಾರಕ್ಕೆ ತರಬೇಕು. ಮೂಲ ಡ್ಯಾಶ್‌ಬೋರ್ಡು, ಗಾಜಿನ ಅಂಚು, ಸೀಟು, ನೆಲ ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ರೆಸಿನ್ ತಾಗಬಹುದಾದ ಕಡೆ ಅಲ್ಯೂಮಿನಿಯಂ ಅಂಟುಪಟ್ಟಿಯನ್ನು ಅಂಚಿನ ಮೇಲೆ ಅಂಚು ಬರುವಂತೆ ಹಚ್ಚಿ, ಅದರ ಮೇಲೆ ಮೇಣ ಸವರಿ. ಆಕಾರ ತೆಗೆಯಲು ಥರ್ಮೋಕೋಲನ್ನು ಬಳಸಬೇಡಿ. ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ನೋಡನೋಡುತ್ತಿದ್ದಂತೆ ಕರಗಿಸಿಬಿಡುತ್ತದೆ. ಕೋಲ್ಡ್ ಸ್ಟೋರೇಜ್ ಗೋಡೆಗಳಿಗೆ ಬಳಸುವ ಗಟ್ಟಿ ಪಿಯು (ಪಾಲಿಯುರೆಥೇನ್) ಫೋಮ್ ಹಾಳೆಗಳು ಈ ರೆಸಿನ್‌ಗೆ ಜಗ್ಗುವುದಿಲ್ಲ. ಅವನ್ನು ಗರಗಸದ ಅಲಗಿನಿಂದ ಕೊಯ್ದು, ಎಮರಿ ಪೇಪರಿನಿಂದ ಉಜ್ಜಿ ಬೇಕಾದ ಬಾಗು ಕೊಡಬಹುದು. ಮೀಟರುಗಳಿಗೆ ತೆಳು ಎಂಡಿಎಫ್ ಹಲಗೆಯಿಂದ ಉಂಗುರಗಳನ್ನು ಕೊಯ್ದು ಫೋಮಿನೊಳಗೆ ಕೂರಿಸಿ. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಚಿಕ್ಕ ಮೀಟರುಗಳಿಗೆ 52 ಮಿಲಿಮೀಟರ್ ರಂಧ್ರ ಬೇಕಾಗುತ್ತದೆ. ಆದರೂ ಮೀಟರನ್ನು ಕೈಯಲ್ಲಿ ಹಿಡಿದು ಅಳೆದ ಮೇಲೆಯೇ ಕೊಯ್ಯಿರಿ.

ಬಟ್ಟೆಯ ವಿಧಾನವೂ ಒಂದಿದೆ. ಉಂಗುರ ಮತ್ತು ಅಂಚುಗಳ ನಡುವೆ ಹಿಗ್ಗುವ ಫ್ಲೀಸ್ ಬಟ್ಟೆಯನ್ನು ಬಿಗಿಯಾಗಿ ಎಳೆದು, ಅದಕ್ಕೆ ರೆಸಿನ್ ಕುಡಿಸಿ, ಗಟ್ಟಿಯಾದ ಮೇಲೆ ಹಿಂಬದಿಯಿಂದ ಗಾಜಿನ ನಾರಿನ ಮ್ಯಾಟ್ ಹಚ್ಚುವುದು ಅದರ ಕ್ರಮ. ಸ್ಪೀಕರ್ ಪೆಟ್ಟಿಗೆ ಮಾಡುವವರು ಇದನ್ನು ಬಹಳ ಬಳಸುತ್ತಾರೆ. ಮೀಟರಿನ ಸುತ್ತ ಹರಿಯುವ ಬಾಗುಗಳು ಇದರಲ್ಲಿ ತಾವಾಗಿಯೇ ಚೆನ್ನಾಗಿ ಬರುತ್ತವೆ, ಆದರೆ ನೇರ ಗೆರೆಗಳು ಬರುವುದಿಲ್ಲ. ಪದ್ಮಿನಿಯಂತಹ ನೇರ ಗೆರೆಗಳ ಕಾರಿಗೆ ನಾನು ಫೋಮಿನ ವಿಧಾನವನ್ನೇ ಸೂಚಿಸುತ್ತೇನೆ. ಒಂದೇ ಡ್ಯಾಶ್‌ಬೋರ್ಡು ಬೇಕಾಗಿರುವುದರಿಂದ ಪ್ರತ್ಯೇಕ ಅಚ್ಚು ಮಾಡುವ ಅಗತ್ಯವಿಲ್ಲ. ಅಂತಹವು ಹತ್ತಾರು ಬೇಕಿದ್ದರೆ ಮಾತ್ರ ಆ ಶ್ರಮ ಸಾರ್ಥಕ.

ಇನ್ನು ಪದರ ಹಚ್ಚುವ ಕೆಲಸ. ಡ್ಯಾಶ್‌ಬೋರ್ಡಿನ ಮೇಲ್ಮೈ ಸುಮಾರು 0.7 ಚದರ ಮೀಟರ್ ಎಂದಿಟ್ಟುಕೊಳ್ಳಿ. ಚದರ ಮೀಟರಿಗೆ 300 ಗ್ರಾಂ ತೂಗುವ ಮ್ಯಾಟ್ ಒಂದು ಪದರ, 450 ಗ್ರಾಂ ತೂಗುವ ಮ್ಯಾಟ್ ಎರಡು ಪದರ ಹಚ್ಚಿದರೆ ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪ ಬರುತ್ತದೆ, ಅಷ್ಟು ಸಾಕು. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಬೇಕು. ಈ ಲೆಕ್ಕದಲ್ಲಿ ಸುಮಾರು 850 ಗ್ರಾಂ ಮ್ಯಾಟಿಗೆ ಎರಡು ಕಿಲೋಗಿಂತ ತುಸು ಹೆಚ್ಚು ರೆಸಿನ್, ವ್ಯರ್ಥವಾಗುವುದಕ್ಕೆ ಇನ್ನಷ್ಟು. ರೆಸಿನ್ ಹೆಚ್ಚಾದಷ್ಟೂ ಗಟ್ಟಿ ಎಂಬ ನಂಬಿಕೆ ತಪ್ಪು, ಬಲ ಇರುವುದು ನಾರಿನಲ್ಲಿ. ಮ್ಯಾಟನ್ನು ಕತ್ತರಿಯಿಂದ ಕತ್ತರಿಸುವ ಬದಲು ಕೈಯಿಂದ ಹರಿದರೆ ಅಂಚಿನ ನಾರುಗಳು ಹರಡಿಕೊಂಡು ಪಕ್ಕದ ತುಂಡಿನೊಂದಿಗೆ ಗುರುತು ಉಳಿಯದಂತೆ ಬೆರೆಯುತ್ತವೆ. ಮೊದಲು ಮೇಲ್ಮೈಗೆ ರೆಸಿನ್ ಸವರಿ, ಅದರ ಮೇಲೆ ಮ್ಯಾಟ್ ಇಟ್ಟು, ಬ್ರಷ್ಷಿನಿಂದ ಎಳೆಯದೆ ಕುಟ್ಟಿ ಕುಟ್ಟಿ ನೆನೆಸಿ. ಮ್ಯಾಟನ್ನು ಕಟ್ಟಿಹಿಡಿದಿದ್ದ ಅಂಟು ಸ್ಟೈರೀನ್‌ನಲ್ಲಿ ಕರಗುತ್ತಿದ್ದಂತೆ ಬೆಳ್ಳಗಿದ್ದ ಮ್ಯಾಟ್ ಮೆತ್ತಗಾಗಿ, ಕ್ಷಣಕ್ಷಣಕ್ಕೆ ಪಾರದರ್ಶಕವಾಗುತ್ತ ಹೋಗುತ್ತದೆ. ಎಲ್ಲಿ ಬಿಳಿ ಚುಕ್ಕೆ ಉಳಿದಿದೆಯೋ ಅಲ್ಲಿ ಗಾಳಿಯಿದೆ ಎಂದೇ ಅರ್ಥ. ಮೈಮೇಲೆ ಗೀರುಗಳುಳ್ಳ ಲೋಹದ ರೋಲರಿನಿಂದ ಆ ಗಾಳಿಯನ್ನು ಅಂಚಿನ ಕಡೆಗೆ ಒತ್ತಿ ಹೊರಹಾಕಿ. ಫೋಮಿನ ಮೂಲೆಗಳು ಚೂಪಾಗಿದ್ದರೆ ಮ್ಯಾಟ್ ಅಲ್ಲಿ ಕೂರದೆ ಎದ್ದು ನಿಲ್ಲುತ್ತದೆ. ಆದ್ದರಿಂದ ಎಲ್ಲ ಮೂಲೆಗಳನ್ನೂ ಮೊದಲೇ ದುಂಡಗೆ ಉಜ್ಜಿಡಿ.

ರೆಸಿನ್ ಗಟ್ಟಿಯಾಗುವ ಮೊದಲು ಸ್ವಲ್ಪ ಹೊತ್ತು ದಪ್ಪ ತೊಗಲಿನ ಹದದಲ್ಲಿರುತ್ತದೆ. ಹೆಚ್ಚುವರಿ ಅಂಚನ್ನು ಹರಿತವಾದ ಚಾಕುವಿನಿಂದ ಕತ್ತರಿಸಲು ಅದೇ ತಕ್ಕ ಸಮಯ. ಅದು ಮೀರಿದರೆ ಗ್ರೈಂಡರ್ ಬೇಕು, ದೂಳು ಏಳುತ್ತದೆ, ಮೈಯೆಲ್ಲ ತುರಿಕೆ.

ಕೊನೆಯದಾಗಿ ವೈರಿಂಗ್ ಬಗ್ಗೆ ಒಂದು ಮಾತು. ಮೂಲ ಡ್ಯಾಶ್‌ಬೋರ್ಡು ಕಬ್ಬಿಣದ ತಗಡಾದ್ದರಿಂದ ಮೀಟರುಗಳಿಗೂ ಬಲ್ಬುಗಳಿಗೂ ಅರ್ತ್ ಸಂಪರ್ಕ ಆ ತಗಡಿನ ಮೂಲಕವೇ ಸಿಗುತ್ತಿರಬಹುದು. ಫೈಬರ್‌ಗ್ಲಾಸ್‌ನಲ್ಲಿ ವಿದ್ಯುತ್ ಹರಿಯುವುದಿಲ್ಲ. ಹೊಸ ಡ್ಯಾಶ್‌ಬೋರ್ಡು ಕೂರಿಸಿದ ಮೇಲೆ ಪೆಟ್ರೋಲ್ ಮುಳ್ಳು ತಪ್ಪು ತೋರಿಸುವುದು, ಇಂಡಿಕೇಟರ್ ಹಾಕಿದಾಗ ಮೀಟರಿನ ಬೆಳಕು ಮಿನುಗುವುದು ಇಂತಹ ದೂರುಗಳ ಹಿಂದೆ ಬಹುಮಟ್ಟಿಗೆ ಇದೇ ಕಾರಣವಿರುತ್ತದೆ. ಪ್ರತಿ ಮೀಟರಿನಿಂದಲೂ ಬೇರೆ ಅರ್ತ್ ವೈರ್ ತಂದು, ಬಣ್ಣ ಕೆರೆದ ಬಾಡಿಯ ಭಾಗಕ್ಕೆ ಒಂದೇ ಕಡೆ ಬೋಲ್ಟ್ ಮಾಡಿ. ಹೊಸ ಮೀಟರು ಹಾಕುವಾಗ ಅದಕ್ಕೆ ಹೊಂದುವ ಸೆಂಡರನ್ನೂ (ಟ್ಯಾಂಕಿನಲ್ಲೋ ಎಂಜಿನ್‌ನಲ್ಲೋ ಇದ್ದು ಮೀಟರಿಗೆ ಅಳತೆ ಕಳಿಸುವ ಭಾಗ) ಬದಲಿಸಬೇಕೆಂಬುದನ್ನು ಮರೆಯಬೇಡಿ. ನಿಮ್ಮ ಮೀಟರುಗಳು ಈಗ ತಪ್ಪು ತೋರಿಸುತ್ತಿರುವುದಕ್ಕೂ ಮೀಟರೇ ಕಾರಣವೆಂದು ತೀರ್ಮಾನಿಸುವ ಮೊದಲು ಸೆಂಡರ್ ಮತ್ತು ಅರ್ತನ್ನು ಪರೀಕ್ಷಿಸಿ ನೋಡಿ.

ಪ್ರಶ್ನೆ: ಹೋದ ಚಳಿಗಾಲದಲ್ಲಿ ನನ್ನ ಹಳೆಯ ಮಾರುತಿ 800 ಕಾರಿಗೆ ಫೈಬರ್ ಡ್ಯಾಶ್‌ಬೋರ್ಡ್ ಮಾಡಿಸಿದೆ. ಬೇಸಗೆ ಬಂದ ಮೇಲೆ ಗಾಜಿನ ಪಕ್ಕದ ಭಾಗ ಅಲೆಅಲೆಯಾಗಿ ಬಾಗಿದೆ, ಮೇಲಿನ ಬಣ್ಣದಲ್ಲಿ ನಾರಿನ ಗುರುತುಗಳು ಎದ್ದು ಕಾಣುತ್ತಿವೆ. ಸಾಮಾನು ಕಳಪೆಯಾಗಿತ್ತೇ?
— ಓದುಗರು, ಕಲಬುರಗಿ

ಉತ್ತರ: ಸಾಮಾನು ಕಳಪೆಯೆಂದು ಹೇಳಲಾಗದು. ಅದು ಈ ಕೆಲಸಕ್ಕೆ ತಕ್ಕ ಸಾಮಾನಾಗಿರಲಿಲ್ಲ, ಅಥವಾ ಅದಕ್ಕೆ ಸಿಗಬೇಕಾದ ಶಾಖ ಮೊದಲೇ ಸಿಕ್ಕಿರಲಿಲ್ಲ. ಗಾಜು ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು 70–80 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕಪ್ಪು ಬಣ್ಣವಿದ್ದರೆ ಇನ್ನೂ ಹೆಚ್ಚು. ಅಂಗಡಿಯಲ್ಲಿ ಬರೀ ರೆಸಿನ್ ಎಂದು ಕೇಳಿದರೆ ಕೊಡುವುದು ಸಾಮಾನ್ಯ ಆರ್ಥೋ ದರ್ಜೆಯ ಪಾಲಿಯೆಸ್ಟರ್. ಅದು 60–70 ಡಿಗ್ರಿಯ ಆಸುಪಾಸಿನಲ್ಲೇ ಮೆದುವಾಗತೊಡಗುತ್ತದೆ. ಐಸೋಫ್ತಾಲಿಕ್ ದರ್ಜೆಯದು ಮತ್ತು ವಿನೈಲ್ ಎಸ್ಟರ್ ಅದಕ್ಕಿಂತ ಸಾಕಷ್ಟು ಹೆಚ್ಚಿನ ಶಾಖವನ್ನು ತಡೆಯುತ್ತವೆ. ನಿಮ್ಮ ಭಾಗದ ಬೇಸಗೆಗೆ ಐಸೋಗಿಂತ ಕಡಿಮೆ ದರ್ಜೆಯನ್ನು ನಾನು ಸೂಚಿಸಲಾರೆ. ಎಪಾಕ್ಸಿ ಎಂದರೆ ಎಲ್ಲಕ್ಕಿಂತ ಮೇಲು ಎಂದುಕೊಳ್ಳುವವರೂ ಇದ್ದಾರೆ. ಆದರೆ ಬರೀ ಕೋಣೆಯ ಶಾಖದಲ್ಲಿ ಗಟ್ಟಿಯಾದ ಅನೇಕ ಎಪಾಕ್ಸಿಗಳು 50–60 ಡಿಗ್ರಿಯಲ್ಲೇ ಸಡಿಲಾಗುತ್ತವೆ.

ಯಾವ ರೆಸಿನ್ ಆದರೂ ಮುಖ್ಯವಾದುದು ನಂತರ ಕೊಡುವ ಕಾವು. ರೆಸಿನ್ ಕೈಗೆ ಗಟ್ಟಿಯೆನಿಸಿದ ಮೇಲೂ ಅದರೊಳಗಿನ ರಾಸಾಯನಿಕ ಕ್ರಿಯೆ ಪೂರ್ತಿಯಾಗಿರುವುದಿಲ್ಲ. ಉಳಿದ ಕ್ರಿಯೆ ಮೊದಲ ಬೇಸಗೆಯಲ್ಲಿ ನಿಮ್ಮ ಕಾರಿನೊಳಗೆ ನಡೆಯಿತು; ಆಗ ರೆಸಿನ್ ಇನ್ನಷ್ಟು ಕುಗ್ಗಿತು, ಕುಗ್ಗದ ನಾರು ಮೇಲೆದ್ದು ಕಂಡಿತು. ಪಾಲಿಯೆಸ್ಟರ್ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇಕಡ 5ರಿಂದ 8ರಷ್ಟು ಕುಗ್ಗುವುದು ಸಹಜ, ಆ ಕುಗ್ಗುವಿಕೆಯೆಲ್ಲ ಬಣ್ಣ ಹಚ್ಚುವ ಮೊದಲೇ ಮುಗಿದಿರಬೇಕು. ತುಂಡು ಗಟ್ಟಿಯಾಗಿ ಒಂದು ದಿನ ಕಳೆದ ಮೇಲೆ, ಅದನ್ನು ಆಕಾರದ ಮೇಲಿಂದ ತೆಗೆಯದೆ, 80 ಡಿಗ್ರಿಯಲ್ಲಿ ಮೂರು ಗಂಟೆ ಅಥವಾ 40 ಡಿಗ್ರಿಯಲ್ಲಿ 16 ಗಂಟೆ ಕಾಯಿಸುವುದು ರೂಢಿಯ ಕ್ರಮ. ಪೇಂಟ್ ಬೂತ್ ಇರುವ ಗ್ಯಾರೇಜಿನಲ್ಲಿ ಕೇಳಿದರೆ ಕಾರು ಒಣಗಿಸುವ ಹೊತ್ತಿನಲ್ಲಿ ಇದನ್ನೂ ಒಳಗಿಡಲು ಒಪ್ಪಬಹುದು. ಇಲ್ಲವಾದರೆ ಕಲಬುರಗಿಯ ಬಿಸಿಲೇ ನಿಮಗೆ ಅನುಕೂಲ. ಕಪ್ಪು ಟಾರ್ಪಾಲಿನಿನ ಗೂಡಿನಲ್ಲಿ, ಅಡಿಯಿಂದ ಎಲ್ಲ ಕಡೆ ಆಧಾರ ಕೊಟ್ಟು, ಒಳಗೊಂದು ಥರ್ಮಾಮೀಟರ್ ಇಟ್ಟು ಕೆಲವು ದಿನ ಬಿಸಿಲು ಕಾಯಿಸಿ.

ಈಗ ಬಾಗಿರುವ ತುಂಡನ್ನು ಉಳಿಸಿಕೊಳ್ಳಬಹುದು. ಬಣ್ಣ ಮತ್ತು ಪುಟ್ಟಿಯನ್ನು ಉಜ್ಜಿ ತೆಗೆದು, ಬಾಗಿದ ಭಾಗವನ್ನು ಬಿಸಿ ಗಾಳಿಯ ಗನ್ನಿನಿಂದ ನಿಧಾನವಾಗಿ ಕಾಯಿಸಿ, ನೇರವಾದ ಪಟ್ಟಿಗೆ ಕ್ಲ್ಯಾಂಪ್ ಮಾಡಿ ತಣಿಯಲು ಬಿಡಿ. ಬಳಿಕ ಹಿಂಬದಿಯಲ್ಲಿ ಅಗಲಕ್ಕೂ ಒಂದು ಏಣು ಕಟ್ಟಿ: ಹಗ್ಗದ ತುಂಡು ಅಥವಾ ಫೋಮಿನ ಪಟ್ಟಿ ಇಟ್ಟು ಅದರ ಮೇಲೆ ಎರಡು ಪದರ ಮ್ಯಾಟ್ ಹಚ್ಚಿದರೆ ಏಣು ಸಿದ್ಧ. ಚಪ್ಪಟೆಯಾದ ಉದ್ದ ಭಾಗಗಳಿಗೆ ದಪ್ಪ ಹೆಚ್ಚಿಸುವುದಕ್ಕಿಂತ ಏಣು ಕೊಡುವುದೇ ಹೆಚ್ಚು ಬಲ.

ಪ್ರಶ್ನೆ: ಮಳೆಗಾಲದಲ್ಲಿ ಹಚ್ಚಿದ ಫೈಬರ್ ವಾರವಾದರೂ ಅಂಟಂಟಾಗಿದೆ. ಪುಟ್ಟಿ ಹಚ್ಚಿದರೆ ನಿಲ್ಲುವುದೇ?
— ಓದುಗರು, ಉಡುಪಿ

ಉತ್ತರ: ಅಂಟು ಎರಡು ಬಗೆಯದು. ಉಗುರಿನಿಂದ ಒತ್ತಿದರೆ ಒಳಗೆ ಗಟ್ಟಿಯಾಗಿದ್ದು ಮೇಲಷ್ಟೇ ಅಂಟಿದ್ದರೆ ಚಿಂತೆಯಿಲ್ಲ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಗಾಳಿ ತಾಗುವ ಮೇಲ್ಮೈಯಲ್ಲಿ ಪೂರ್ತಿ ಗಟ್ಟಿಯಾಗುವುದಿಲ್ಲ, ಏಕೆಂದರೆ ಆಮ್ಲಜನಕ ಆ ಕ್ರಿಯೆಯನ್ನು ತಡೆಯುತ್ತದೆ. ಮುಂದಿನ ಪದರ ಚೆನ್ನಾಗಿ ಹಿಡಿಯಲು ಅದು ಸಹಾಯಕವೂ ಹೌದು. ಕೊನೆಯ ಪದರಕ್ಕೆ ಮಾತ್ರ ಮೇಣ ಬೆರೆಸಿದ ರೆಸಿನ್ ಬಳಸಬೇಕು, ಅಥವಾ ತೆಳುವಾದ ಪಾಲಿಯೆಸ್ಟರ್ ಹಾಳೆಯನ್ನು ಹೊದಿಸಿ ಗಾಳಿಯನ್ನು ತಡೆಯಬೇಕು. ಈಗಾಗಲೇ ಅಂಟಾಗಿರುವುದನ್ನು ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿ, 80ರ ಎಮರಿಯಿಂದ ಉಜ್ಜಿ, ಬಳಿಕ ಪುಟ್ಟಿ ಹಚ್ಚಿ.

ಉಗುರು ಒಳಗೆ ಇಳಿಯುವಷ್ಟು ಮೆತ್ತಗಿದ್ದರೆ ಕ್ಯಾಟಲಿಸ್ಟ್ (ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ) ಕಡಿಮೆಯಾಗಿದೆ ಅಥವಾ ಮ್ಯಾಟ್ ತೇವ ಹೀರಿದೆ. ಅದರ ಮೇಲೆ ಏನನ್ನು ಹಚ್ಚಿದರೂ ನಿಲ್ಲದು, ಕೆರೆದು ತೆಗೆದು ಮತ್ತೆ ಮಾಡಬೇಕು. ಕ್ಯಾಟಲಿಸ್ಟನ್ನು ಮುಚ್ಚಳದ ಅಂದಾಜಿನಲ್ಲಿ ಹಾಕದೆ ತೂಗಿ ಹಾಕಿ. ಒಂದು ಕಿಲೋ ರೆಸಿನ್‌ಗೆ 10ರಿಂದ 20 ಗ್ರಾಂ, ಎಂದರೆ ಶೇಕಡ 1ರಿಂದ 2. ತಂಪು ದಿನ ಹೆಚ್ಚಿನ ಕಡೆಗೆ, ಸೆಕೆಯ ದಿನ ಕಡಿಮೆಯ ಕಡೆಗೆ ಹೋಗಬಹುದೇ ಹೊರತು ಶೇಕಡ 1ಕ್ಕಿಂತ ಕೆಳಗಿಳಿಯಬಾರದು. ಶಾಖ 10 ಡಿಗ್ರಿ ಏರಿದರೆ, ಕಲಸಿದ ರೆಸಿನ್ ಗಟ್ಟಿಯಾಗುವ ಮೊದಲು ಕೈಯಲ್ಲಿರುವ ಸಮಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಒಮ್ಮೆಗೆ ಅರ್ಧ ಕಿಲೋಗಿಂತ ಹೆಚ್ಚು ಕಲಸಬೇಡಿ. ಕರಾವಳಿಯ ಜೂನ್, ಜುಲೈ ತಿಂಗಳುಗಳಲ್ಲಿ ಮ್ಯಾಟಿನ ಸುರುಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಣಗಿದ ಕಡೆ ಇಡಬೇಕು. ಸಾಧ್ಯವಾದರೆ ಈ ಕೆಲಸವನ್ನು ನವೆಂಬರ್‌ವರೆಗೆ ಮುಂದೂಡುವುದೇ ಉತ್ತಮ.

ಪ್ರಶ್ನೆ: ನಾನು ಡಿಪ್ಲೊಮಾ ವಿದ್ಯಾರ್ಥಿ. ಬಾಡಿಗೆ ಕೋಣೆಯಲ್ಲೇ ಈ ಕೆಲಸ ಮಾಡಬಹುದೇ? ಅಂಗಡಿಯಲ್ಲಿ ರೆಸಿನ್ ಜತೆ ಎರಡು ಚಿಕ್ಕ ಬಾಟಲಿ ಕೊಟ್ಟರು, ಎರಡನ್ನೂ ಒಟ್ಟಿಗೆ ಕಲಸಿ ಹಾಕಬಹುದೇ?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಎರಡಕ್ಕೂ ಉತ್ತರ ಒಂದೇ: ಖಂಡಿತ ಕೂಡದು. ಆ ಬಾಟಲಿಗಳಲ್ಲಿ ನೇರಳೆ ಬಣ್ಣದ್ದು ಗಟ್ಟಿಯಾಗುವ ಕ್ರಿಯೆಯನ್ನು ಚುರುಕುಗೊಳಿಸುವ ಕೋಬಾಲ್ಟ್ ಆಕ್ಸಿಲರೇಟರ್, ನೀರಿನಂತಿರುವುದು ಎಂಇಕೆಪಿ ಎಂಬ ಕ್ಯಾಟಲಿಸ್ಟ್. ಇವೆರಡನ್ನು ನೇರವಾಗಿ ಬೆರೆಸಿದರೆ ತಕ್ಷಣ ಬೆಂಕಿ ಹೊತ್ತಿಕೊಳ್ಳಬಹುದು, ಸ್ಫೋಟವೂ ಆಗಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಬೆರೆಯುವವರೆಗೆ ಕಲಸಬೇಕು. ಹಚ್ಚುವುದಕ್ಕೆ ಸ್ವಲ್ಪ ಮುಂಚೆ, ಬೇರೆ ಕಡ್ಡಿಯಿಂದ, ಬೇರೆ ಅಳತೆಯ ಲೋಟದಿಂದ ಕ್ಯಾಟಲಿಸ್ಟ್ ಸೇರಿಸಬೇಕು. ಎರಡು ಬಾಟಲಿಗಳನ್ನು ಒಂದೇ ಡಬ್ಬದಲ್ಲಿ ಇಡುವುದೂ ಬೇಡ. ಕ್ಯಾಟಲಿಸ್ಟಿಗೆ ಅಸಿಟೋನ್ ತಾಗದಂತೆ ನೋಡಿಕೊಳ್ಳಿ. ಕ್ಯಾಟಲಿಸ್ಟ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ನೀರಿನಲ್ಲಿ ನೆನೆಸಿಡಿ.

ಕ್ಯಾಟಲಿಸ್ಟಿನ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೆ ಶಾಶ್ವತ ಹಾನಿಯಾಗಬಹುದು. ಪೂರ್ತಿ ಮುಚ್ಚುವ ಕನ್ನಡಕವಿಲ್ಲದೆ ಬಾಟಲಿಯ ಮುಚ್ಚಳ ತೆಗೆಯಲೇಬೇಡಿ. ಸಿಡಿದರೆ ಆ ಕ್ಷಣದಿಂದಲೇ ಕನಿಷ್ಠ 15 ನಿಮಿಷ ಧಾರೆ ನೀರಿನಲ್ಲಿ ತೊಳೆದು ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ಸ್ಟೈರೀನ್ ಆವಿ ತಲೆಸುತ್ತು ತರುತ್ತದೆ, ಸುಮಾರು 31 ಡಿಗ್ರಿಯಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಒಲೆಯಿರುವ ಕೋಣೆಯಲ್ಲಿ ಇದರ ಕೆಲಸ ಮಾಡುವುದು ಪ್ರಾಣಾಪಾಯ. ದೂಳಿಗೆ ಧರಿಸುವ ಬಟ್ಟೆಯ ಅಥವಾ ಎನ್95 ಮಾಸ್ಕ್ ಆವಿಯನ್ನು ತಡೆಯುವುದಿಲ್ಲ; ಸಾವಯವ ಆವಿಗೆಂದೇ ಮಾಡಿದ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ನಿಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಅನುಮತಿ ಪಡೆದು, ಬಯಲಿನಲ್ಲಿ, ನೆರಳಿರುವ ಕಡೆ, ಜತೆಗೊಬ್ಬರನ್ನು ಇಟ್ಟುಕೊಂಡು ಮಾಡಿ. ಕೆಲಸ ಕಲಿಯುವ ನಿಮ್ಮ ಆಸಕ್ತಿ ನನಗೆ ಬಹಳ ಸಂತೋಷ ತಂದಿದೆ, ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ: ನನ್ನ ಬಳಿ 1970ರಲ್ಲಿ ನೋಂದಣಿಯಾದ ಫಿಯಟ್ ಇದೆ. ಡ್ಯಾಶ್‌ಬೋರ್ಡ್ ಬದಲಿಸಿದರೆ ಆರ್‌ಟಿಒ ಕಚೇರಿಯಲ್ಲಿ ತೊಂದರೆಯಾಗುವುದೇ?
— ಓದುಗರು, ಮೈಸೂರು

ಉತ್ತರ: ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗುವಂತಹ ಮಾರ್ಪಾಡನ್ನು ವಾಹನದಲ್ಲಿ ಮಾಡಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಈ ನಿಯಮವನ್ನು ಬಿಗಿಯಾಗಿ ಎತ್ತಿಹಿಡಿದಿದೆ. ಡ್ಯಾಶ್‌ಬೋರ್ಡಿನ ರೂಪ ನೋಂದಣಿ ಪತ್ರದಲ್ಲಿ ದಾಖಲಾಗುವ ವಿವರವಲ್ಲ. ಆದರೂ ಸ್ಪೀಡೋಮೀಟರ್ ಇರಬೇಕು, ಸರಿಯಾಗಿ ಕೆಲಸ ಮಾಡಬೇಕು, ಚಾಲಕರಿಗೆ ಕಾಣಬೇಕು. ಚಾಸಿ ಸಂಖ್ಯೆಯ ಫಲಕ ಎಲ್ಲಿದ್ದರೂ ಮುಚ್ಚಿಹೋಗಬಾರದು. 15 ವರ್ಷ ಕಳೆದ ಖಾಸಗಿ ಕಾರು ಐದು ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಲೇಬೇಕಾದ್ದರಿಂದ ಹೊಸ ಡ್ಯಾಶ್‌ಬೋರ್ಡಿನಲ್ಲಿ ಇವನ್ನೆಲ್ಲ ಮೊದಲೇ ಯೋಜಿಸಿಕೊಳ್ಳಿ.

ನಿಮ್ಮ ಕಾರಿನ ಮಟ್ಟಿಗೆ ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿದೆ. ಅದರ ಅಡಿಯಲ್ಲಿ ಬರಬೇಕಾದರೆ ವಾಹನವು ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಡ್ಯಾಶ್‌ಬೋರ್ಡಿನ ತಗಡು ಬಾಡಿಗೆ ಬೆಸೆದಿದ್ದು ಅದನ್ನು ಕತ್ತರಿಸಿದರೆ, ಬಾಡಿಯನ್ನೇ ಕತ್ತರಿಸಿದಿರಿ ಎಂದು ಅಧಿಕಾರಿಗಳು ಭಾವಿಸಲು ಅವಕಾಶ ಕೊಟ್ಟಂತೆ. ವಿಂಟೇಜ್ ನೋಂದಣಿ ಪಡೆದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದನ್ನೂ ತಿಳಿದಿರಿ. 1970ರ ಕಾರಿಗೆ ನನ್ನ ಸಲಹೆ ಸ್ಪಷ್ಟ: ಮೂಲ ಡ್ಯಾಶ್‌ಬೋರ್ಡನ್ನೇ ದುರಸ್ತಿ ಮಾಡಿಸಿ. ಹೆಚ್ಚುವರಿ ಮೀಟರು ಬೇಕೇಬೇಕಿದ್ದರೆ ಕೆಳಗೆ ತೂಗುವ ಚಿಕ್ಕ ಫೈಬರ್ ಫಲಕವೊಂದನ್ನು ಮಾಡಿಕೊಳ್ಳಿ.

ಪ್ರಶ್ನೆ: ಫೈಬರ್ ಡ್ಯಾಶ್‌ಬೋರ್ಡಿಗೆ ಬಣ್ಣ ಒಳ್ಳೆಯದೋ, ರೆಕ್ಸಿನ್ ಒಳ್ಳೆಯದೋ? ಅಪಘಾತವಾದರೆ ಅದು ಒಡೆದು ಚುಚ್ಚುವುದೆಂದು ಸ್ನೇಹಿತರು ಹೆದರಿಸುತ್ತಿದ್ದಾರೆ.
— ಓದುಗರು, ಧಾರವಾಡ

ಉತ್ತರ: ಸ್ನೇಹಿತರ ಮಾತಿನಲ್ಲಿ ಹುರುಳಿದೆ. ಫೈಬರ್‌ಗ್ಲಾಸ್ ತಗಡಿನಂತೆ ಬಗ್ಗುವುದಿಲ್ಲ, ಮುರಿಯುತ್ತದೆ. ಮುರಿದ ಅಂಚು ಗರಗಸದಂತೆ ಚೂಪಾಗಿರುತ್ತದೆ. ಹಳೆಯ ಕಾರುಗಳಲ್ಲಿ ಏರ್‌ಬ್ಯಾಗ್ ಇಲ್ಲ, ಕೆಲವಕ್ಕೆ ಸರಿಯಾದ ಸೀಟ್ ಬೆಲ್ಟೂ ಇಲ್ಲ. ಆದ್ದರಿಂದ ಬರೀ ಬಣ್ಣ ಬಳಿದ ಗಟ್ಟಿ ಮೇಲ್ಮೈಯನ್ನು ಪ್ರಯಾಣಿಕರ ಮುಖದ ಎದುರು ಇಡಬಾರದೆಂಬುದು ನನ್ನ ದೃಢ ಅಭಿಪ್ರಾಯ. ತಲೆ ಮತ್ತು ಮಂಡಿ ತಾಗಬಹುದಾದ ಎಲ್ಲ ಕಡೆ ಕನಿಷ್ಠ 10 ಮಿಲಿಮೀಟರ್ ದಪ್ಪದ, ಮುಚ್ಚಿದ ಗುಳ್ಳೆಗಳ (ಕ್ಲೋಸ್ಡ್ ಸೆಲ್) ಫೋಮ್ ಅಂಟಿಸಿ ಅದರ ಮೇಲೆ ರೆಕ್ಸಿನ್ ಹೊದಿಸಿ. ಒಳಾಂಗಣದ ಅಂಚುಗಳ ಬಾಗು ಎರಡೂವರೆ ಮಿಲಿಮೀಟರ್ ತ್ರಿಜ್ಯಕ್ಕಿಂತ ಚೂಪಾಗಿರಬಾರದೆಂದು ಯುರೋಪಿನ ನಿಯಮವಿದೆ. ಅದನ್ನು ಕನಿಷ್ಠವೆಂದು ಭಾವಿಸಿ, ಕೈಕೆಲಸದಲ್ಲಿ 10 ಮಿಲಿಮೀಟರ್ ಇಟ್ಟುಕೊಳ್ಳುವುದು ಒಳ್ಳೆಯದು. ಸೀಟ್ ಬೆಲ್ಟುಗಳನ್ನು ಹಾಕಿಸುವುದು ಡ್ಯಾಶ್‌ಬೋರ್ಡಿಗಿಂತ ಮೊದಲು ಆಗಬೇಕಾದ ಕೆಲಸ. ಏರ್‌ಬ್ಯಾಗ್ ಇರುವ ಕಾರಿನ ಡ್ಯಾಶ್‌ಬೋರ್ಡನ್ನಂತೂ ಯಾರೂ ಮುಟ್ಟಬಾರದು.

ರೆಕ್ಸಿನ್ ಮಂಕಾದ ಗಾಢ ಬಣ್ಣದ್ದಾಗಿರಲಿ. ಹೊಳೆಯುವುದಾದರೆ, ತಿಳಿ ಬಣ್ಣದ್ದಾದರೆ ಗಾಜಿನಲ್ಲಿ ಪ್ರತಿಬಿಂಬಿಸಿ ರಸ್ತೆ ಕಾಣದಂತಾಗುತ್ತದೆ. ಅಂಟು ಶಾಖ ತಡೆಯುವ ದರ್ಜೆಯದಾಗಿರಬೇಕು, ಇಲ್ಲದಿದ್ದರೆ ಮೊದಲ ಏಪ್ರಿಲ್‌ನಲ್ಲೇ ಗುಳಿಗಳಲ್ಲಿ ರೆಕ್ಸಿನ್ ಮೇಲೇಳುತ್ತದೆ. ಸೀಟ್ ಹೊಲಿಯುವವರ ಕೈಯಲ್ಲಿ ಈ ಕೆಲಸ ಮಾಡಿಸುವುದಾದರೆ ಆಕಾರ ಯೋಜಿಸುವಾಗಲೇ ಅವರಿಗೆ ತೋರಿಸಿ, ಹೊಲಿಗೆ ಎಲ್ಲಿ ಬರಬೇಕೆಂದು ಅವರು ಹೇಳುತ್ತಾರೆ. ಬಳಸುವ ರೆಕ್ಸಿನ್ ಮತ್ತು ಫೋಮಿನ ತುಂಡನ್ನು ಬಯಲಿನಲ್ಲಿ ಅಡ್ಡಲಾಗಿ ಹಿಡಿದು ಹೊತ್ತಿಸಿ ನೋಡುವುದೂ ಒಳ್ಳೆಯದು. ಅಮೆರಿಕದ 302ನೇ ಸಂಖ್ಯೆಯ ವಾಹನ ಮಾನದಂಡದಂತೆ ಒಳಾಂಗಣದ ವಸ್ತು ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಉರಿಯಬಾರದು. ಅಷ್ಟರೊಳಗೆ ಇಲ್ಲದ ವಸ್ತುವನ್ನು ವೈರಿಂಗ್ ಹತ್ತಿರ ಇಡಬೇಡಿ.

ಪ್ರಶ್ನೆ: ನನ್ನ ಬಳಿ ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಡಾಲ್ಫಿನ್ ಇದೆ. ನಾನು ಕೂರಿಸಿದ ಫೈಬರ್ ಡ್ಯಾಶ್‌ಬೋರ್ಡು ಬೋಲ್ಟ್ ಇರುವ ಕಡೆಗಳಲ್ಲೆಲ್ಲ ಬಿರುಕು ಬಿಡುತ್ತಿದೆ. ಪುಟ್ಟಿ ತುಂಬಿದರೂ ಮತ್ತೆ ಅಲ್ಲೇ ಸೀಳುತ್ತದೆ.
— ಓದುಗರು, ಬೆಂಗಳೂರು

ಉತ್ತರ: ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ 1980ರ ದಶಕದಲ್ಲಿ ನಮ್ಮೂರಿನಲ್ಲಿ ತಯಾರಾದ ಡಾಲ್ಫಿನ್‌ನ ಬಾಡಿಯೇ ಫೈಬರ್‌ಗ್ಲಾಸ್‌ನದು. ಅಂತಹ ಕಾರನ್ನು ಕಾಪಾಡಿಕೊಂಡಿರುವುದಕ್ಕೆ ನಿಮಗೆ ಅಭಿನಂದನೆ. ನಿಮ್ಮ ತೊಂದರೆಗೆ ಕಾರಣ ಬೋಲ್ಟಿನ ಬಿಗಿತವೆಲ್ಲ ಕಿರಿದಾದ ಜಾಗದ ಮೇಲೆ ಬೀಳುತ್ತಿರುವುದು. ಪುಟ್ಟಿಯಲ್ಲಿ ನಾರಿಲ್ಲ, ಆದ್ದರಿಂದ ಅದು ಬಿರುಕನ್ನು ಮರೆಮಾಡುತ್ತದೆಯೇ ಹೊರತು ಹಿಡಿದಿಡುವುದಿಲ್ಲ. ಮೊದಲು ಬಿರುಕಿನ ಸುತ್ತ ಒಂದು ನಾಣ್ಯದಿಂದ ತಟ್ಟುತ್ತ ಹೋಗಿ. ಗಟ್ಟಿ ಭಾಗದಲ್ಲಿ ಖಣಿಲೆಂಬ ಸದ್ದು ಬರುತ್ತದೆ, ಪದರ ಬಿಟ್ಟಿರುವ ಕಡೆ ಸದ್ದು ಮಂಕಾಗುತ್ತದೆ. ಮಂಕು ಸದ್ದಿನ ಎಲ್ಲೆಯನ್ನು ಪೆನ್ಸಿಲಿನಿಂದ ಗುರುತಿಸಿ, ಅಷ್ಟು ಭಾಗವನ್ನೂ ಉಜ್ಜಿ ತೆಗೆಯಬೇಕು.

ಬಿರುಕಿನ ತುದಿಯಲ್ಲಿ 3 ಮಿಲಿಮೀಟರಿನ ರಂಧ್ರ ಕೊರೆದರೆ ಅದು ಮುಂದೆ ಓಡುವುದಿಲ್ಲ. ಹಿಂಬದಿಯಿಂದ ಬಿರುಕಿನ ಎರಡೂ ಕಡೆ, ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿರಿ. 3 ಮಿಲಿಮೀಟರ್ ದಪ್ಪಕ್ಕೆ ಒಂದು ಕಡೆಗೆ 36 ಮಿಲಿಮೀಟರ್. ಅಸಿಟೋನ್‌ನಿಂದ ಒರೆಸಿ ಪೂರ್ತಿ ಆರಿದ ಮೇಲೆ ಮ್ಯಾಟನ್ನು ಪದರಪದರವಾಗಿ ಹಚ್ಚಿ. ಹಳೆಯ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಎಪಾಕ್ಸಿ ಬಳಸುವುದಾದರೆ ಮ್ಯಾಟಿನ ಬದಲು ನೇಯ್ದ ಗಾಜಿನ ಬಟ್ಟೆಯನ್ನು ತನ್ನಿ, ಏಕೆಂದರೆ ಮ್ಯಾಟಿನ ಅಂಟು ಕರಗಲು ಸ್ಟೈರೀನ್ ಬೇಕು. ಕೊನೆಯಲ್ಲಿ ಪ್ರತಿ ಬೋಲ್ಟಿನ ಹಿಂದೆ ಅಂಗೈ ಅಗಲದ ಎರಡು ಹೆಚ್ಚುವರಿ ಪದರ ಹಚ್ಚಿ, ಅವುಗಳ ನಡುವೆ ತೆಳು ಅಲ್ಯೂಮಿನಿಯಂ ತಗಡನ್ನು ಒರಟು ಮಾಡಿ ಹುದುಗಿಸಿ. ರಂಧ್ರವನ್ನು ಬೋಲ್ಟಿಗಿಂತ ಒಂದೆರಡು ಮಿಲಿಮೀಟರ್ ದೊಡ್ಡದಾಗಿ ಕೊರೆದು, ದೊಡ್ಡ ವಾಷರ್ ಮತ್ತು ರಬ್ಬರ್ ವಾಷರ್ ಎರಡನ್ನೂ ಹಾಕಿ. ಡ್ಯಾಶ್‌ಬೋರ್ಡು ತನ್ನ ಜಾಗದಲ್ಲಿ ಎಳೆತವಿಲ್ಲದೆ ಕೂರುತ್ತದೆಯೇ ಎಂದು ಬೋಲ್ಟ್ ಬಿಗಿಯುವ ಮುಂಚೆ ನೋಡಿ. ಕೂರದಿದ್ದರೆ ಬೋಲ್ಟಿನಿಂದ ಎಳೆದು ಕೂರಿಸದೆ ಸಂದಿಯಲ್ಲಿ ತೆಳುವಾದ ತಗಡಿನ ತುಂಡು ಇಟ್ಟು ಸರಿಪಡಿಸಿ. ನಟ್ಟನ್ನು ರಬ್ಬರ್ ತುಸು ಒತ್ತುವಷ್ಟೇ ಬಿಗಿದು, ಲಾಕ್ ನಟ್ ಹಾಕಿ ನಿಲ್ಲಿಸಿ.